ದಮ್ಮು ಐತಾ ಎಂದು ಕೇಳಿದ್ದೆ

ಕೊರೊನಾ ಬರುವುದಕ್ಕೆ ಒಂದು ವರ್ಷ ಮೊದಲು ನಾನು ಚಳ್ಳಕೆರೆಯಲ್ಲಿ ಸಾಂಖ್ಯಿಕ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸಾಂಖ್ಯಿಕ ಅಧಿಕಾರಿ ಎಂದರೆ ಏನು ಕೆಲಸ ಎಂದು ನನ್ನ ಹೆಂಡತಿಯ ತವರಿನವರು ಇವತ್ತಿಗೂ ಕೇಳುತ್ತಾರೆ. ಎಣಿಸುವ ಕೆಲಸ, ಅಷ್ಟೆ. ಎಷ್ಟು ಎಕರೆ ಶೇಂಗಾ ಬಿತ್ತಿದರು, ಎಷ್ಟು ಕುರಿ ಇವೆ, ಎಷ್ಟು ಮಗ್ಗ ಓಡುತ್ತಿವೆ, ಎಷ್ಟು ನಿಂತಿವೆ. ಮೂವತ್ತು ವರ್ಷಕ್ಕೂ ಮೇಲೆ ಇದನ್ನೇ ಮಾಡಿದ್ದೆ. ನನ್ನ ಎಣಿಕೆಯಲ್ಲಿ ತಪ್ಪು ಹುಡುಕಿದವರು ಇರಲಿಲ್ಲ. ಆ ಹೆಮ್ಮೆ ನನಗೆ ತುಸು ಹೆಚ್ಚೇ ಇತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಆದದ್ದು ಅದರಿಂದಲೇ.

ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ರಾಂಪುರ ದಾಟಿ ಬಳ್ಳಾರಿ ರಸ್ತೆಯಿಂದ ಸ್ವಲ್ಪ ಒಳಗೆ, ಕಲ್ಲಿದ್ದಲು ಸುಡುವ ಒಂದು ಸಣ್ಣ ಖಾಸಗಿ ವಿದ್ಯುತ್ ಸ್ಥಾವರವಿತ್ತು. ಅದರ ಹೆಸರು ಇಲ್ಲಿ ಬೇಡ. ಅದರ ಚಿಮಣಿಯ ಬೂದಿ ಮುಂಗಾರಿನ ಗಾಳಿಗೆ ನೇರವಾಗಿ ಪಕ್ಕದ ಊರಿನ ಮೇಲೆ ಹೋಗುತ್ತಿತ್ತು. ಆ ಊರನ್ನು ಬಂಡೆಹಟ್ಟಿ ಎಂದು ಕರೆಯುತ್ತೇನೆ, ಅದು ನಿಜವಾದ ಹೆಸರಲ್ಲ. ರೇಷ್ಮೆ ಸೀರೆ ನೇಯುವವರ ಊರು. ಮಗ್ಗಕ್ಕೆ ಹಾಸಿದ ರೇಷ್ಮೆಯ ಮೇಲೆ ಬೂದಿ ಕೂರುತ್ತದೆ, ಎದೆಯೊಳಗೂ ಕೂರುತ್ತದೆ ಎಂದು ಊರಿನವರು ಅರ್ಜಿ ಕೊಟ್ಟಿದ್ದರು. ಅರ್ಜಿ ತಿರುಗಿ ತಿರುಗಿ ಒಂದು ಸಮಿತಿಯ ಮುಂದೆ ಬಂತು.

ಪರಿಹಾರವೇನೋ ಎಲ್ಲರಿಗೂ ಗೊತ್ತಿತ್ತು. ಸ್ಥಾವರಕ್ಕೆ ಬ್ಯಾಗ್ ಫಿಲ್ಟರ್ ಹಾಕಬೇಕು. ಉದ್ದುದ್ದ ಬಟ್ಟೆಯ ಚೀಲಗಳನ್ನು ಸಾಲಾಗಿ ನೇತುಹಾಕಿ ಹೊಗೆಯನ್ನು ಅವುಗಳ ಮೂಲಕ ಹಾಯಿಸುತ್ತಾರೆ. ನಮ್ಮ ಅಜ್ಜಿಯರು ಕಷಾಯವನ್ನು ಸೀರೆಯ ತುಂಡಿನಲ್ಲಿ ಸೋಸುತ್ತಿದ್ದರಲ್ಲ, ಅದೇ ಉಪಾಯ, ದೊಡ್ಡದಾಗಿ. ಬೂದಿ ಒಳಗೇ ಉಳಿಯುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಆದರೆ ಅದಕ್ಕೆ ಕೋಟಿಗಳ ಲೆಕ್ಕದಲ್ಲಿ ದುಡ್ಡು ಬೇಕು, ಚೀಲಗಳನ್ನು ಆಗಾಗ ಬದಲಿಸಲೂಬೇಕು. ಇಷ್ಟು ಖರ್ಚು ಮಾಡಿದರೆ ಜನರ ಆರೋಗ್ಯಕ್ಕೆ ಎಷ್ಟು ಲಾಭ ಎಂದು ಕಂಪನಿಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಕಾಸ್ಟ್ ಬೆನಿಫಿಟ್ ಅನಾಲಿಸಿಸ್ ಎನ್ನುತ್ತಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಯಂತ್ರದ ಖರ್ಚು, ಇನ್ನೊಂದರಲ್ಲಿ ತಪ್ಪಿದ ಕಾಯಿಲೆ, ಉಳಿದ ಔಷಧಿಯ ದುಡ್ಡು, ಉಳಿದ ಕೂಲಿ ದಿನಗಳು. ಎರಡನ್ನೂ ರೂಪಾಯಿಯಲ್ಲೇ ತೂಗಬೇಕು. ಮೊದಲ ತಟ್ಟೆ ಕಂಪನಿಯ ಕಾಗದದಲ್ಲಿ ಸಿದ್ಧವಾಗಿತ್ತು. ಎರಡನೆಯದನ್ನು ತುಂಬುವ ಕೆಲಸ ನನಗೆ ಬಂತು.

ಬಂಡೆಹಟ್ಟಿಯಲ್ಲಿ ನೂರಿಪ್ಪತ್ತು ಮನೆ, ಹೋಲಿಕೆಗೆ ಹೊಗೆ ತಾಗದ ಚಳ್ಳಕೆರೆ ಹತ್ತಿರದ ಇನ್ನೊಂದು ಹಳ್ಳಿಯಲ್ಲಿ ನೂರಿಪ್ಪತ್ತು ಮನೆ ಎಂದು ಗೊತ್ತುಮಾಡಿದೆ. ಮೇಲಿನವರು ಅಚ್ಚುಕಟ್ಟಾದ ಪ್ರಶ್ನಾವಳಿ ಕಳಿಸಿದ್ದರು. ಅದರ ಹನ್ನೊಂದನೆಯ ಪ್ರಶ್ನೆಯ ಮೇಲೆ ಇಡೀ ಲೆಕ್ಕ ನಿಂತಿತ್ತು: ‘ನಿಮಗೆ ಉಬ್ಬಸವಿದೆಯೇ?’ ಇದೆ ಎಂದರೆ ಮುಂದಿನ ಐದು ಪ್ರಶ್ನೆ ಕೇಳಬೇಕು. ಎಷ್ಟು ವರ್ಷದಿಂದ, ತಿಂಗಳಿಗೆ ಎಷ್ಟು ದಿನ ಕೆಲಸ ತಪ್ಪುತ್ತದೆ, ಆಸ್ಪತ್ರೆಗೆ ಎಷ್ಟು ಖರ್ಚು ಇತ್ಯಾದಿ. ಇಲ್ಲ ಎಂದರೆ ಆ ಐದನ್ನೂ ಬಿಟ್ಟು ನೇರ ಹದಿನೇಳಕ್ಕೆ ಹೋಗಬೇಕು.

ಉಬ್ಬಸ ಎಂಬ ಪದ ನೋಡಿ ನನಗೆ ನಗು ಬಂತು. ಬೆಂಗಳೂರಿನ ಕೊಠಡಿಯಲ್ಲಿ ಕೂತು ನಿಘಂಟು ನೋಡಿ ಬರೆದವರು ಇಂಥದ್ದನ್ನೇ ಬರೆಯುತ್ತಾರೆ ಎಂದುಕೊಂಡೆ. ನಾನು ಚಳ್ಳಕೆರೆ ಪೇಟೆಯಲ್ಲಿ ಹುಟ್ಟಿದವನು. ನಮ್ಮಪ್ಪನದು ಶೇಂಗಾ ಎಣ್ಣೆ ವ್ಯಾಪಾರ. ಅವರಿಗೆ ಉಸಿರಾಟದ ಕಾಯಿಲೆ. ಗದ್ದುಗೆಯ ಮೇಲೆ ದಿಂಬಿಗೆ ಒರಗಿ ಉಸಿರು ಎಳೆಯುತ್ತಿದ್ದರೆ ಪಕ್ಕದ ಅಂಗಡಿಯ ಸಾಹೇಬರು ‘ಸಾವ್ಕಾರ್ರಿಗೆ ಇವತ್ತು ದಮ್ಮು ಜಾಸ್ತಿ ಆಗೈತೆ’ ಎನ್ನುತ್ತಿದ್ದರು. ಅಪ್ಪ ತೀರಿಕೊಂಡಾಗಲೂ ಊರು ‘ದಮ್ಮಿನಿಂದ ಹೋದ್ರು’ ಎಂದೇ ಹೇಳಿತು. ಆ ಪದ ನನಗೆ ಪುಸ್ತಕದ್ದಲ್ಲ, ಮನೆಯದು. ನಾನು ಕೆಂಪು ಪೆನ್ನು ತೆಗೆದು ಉಬ್ಬಸವನ್ನು ಹೊಡೆದು ಹಾಕಿ, ಮೇಲೆ ಬರೆದೆ: ‘ನಿಮಗೆ ದಮ್ಮು ಐತಾ?’ ಜನರ ಭಾಷೆಯಲ್ಲಿ ಪ್ರಶ್ನೆ ಕೇಳುವ ಅಧಿಕಾರಿ ಎಂದು ಮೇಲಿನವರು ಫೋನಿನಲ್ಲಿ ಹೊಗಳಿದರು. ನಾನು ಅದನ್ನು ಮನೆಗೆ ಬಂದು ಹೆಂಡತಿಗೂ ಹೇಳಿದೆ.

ಮನೆಮನೆಗೆ ಹೋಗಿ ಕೇಳಲು ಆರು ಜನರನ್ನು ತೆಗೆದುಕೊಂಡಿದ್ದೆವು. ಅವರಲ್ಲಿ ಬೋರಮ್ಮ ಎಂಬವರು ಆರೋಗ್ಯ ಸಹಾಯಕಿಯಾಗಿ ನಿವೃತ್ತರಾದವರು, ಮೊಳಕಾಲ್ಮೂರಿನವರೇ. ಕನ್ನಡ ತೆಲುಗು ಎರಡೂ ಅವರ ಬಾಯಲ್ಲಿ ಒಂದೇ ನೀರಿನಂತೆ ಹರಿಯುತ್ತಿದ್ದವು. ತರಬೇತಿಯ ದಿನ ನಾನು ಒಂದೇ ನಿಯಮ ಹೇಳಿದ್ದೆ. ಪ್ರಶ್ನೆಯನ್ನು ಅಚ್ಚಿನಲ್ಲಿ ಇದ್ದಂತೆಯೇ ಕೇಳಬೇಕು, ಒಂದಕ್ಷರ ಕೂಡಿಸಬಾರದು, ಬಿಡಿಸಿ ಹೇಳಬಾರದು, ಬಂದ ಉತ್ತರವನ್ನು ಹಾಗೇ ಬರೆಯಬೇಕು. ಎಲ್ಲರೂ ತಲೆಯಾಡಿಸಿದರು. ಬೋರಮ್ಮ ಮಾತ್ರ ಕಾಗದ ನೋಡುತ್ತಾ ಮೆಲ್ಲಗೆ ಹೇಳಿದರು:

“ಸಾರ್, ಇದು ಉಬ್ಬಸ ಅಂತಾನೇ ಇದ್ದಿದ್ರೆ ನಮ್ ಕಡೀಗೆ ಚಲೋ ಇರ್ತಿತ್ತೇನೋ.”

“ಬೋರಮ್ಮನೋರೇ, ರಿಟೈರ್ ಆದ್ಮೇಲೆ ನೀವೂ ನಿಘಂಟು ಓದೋಕೆ ಶುರು ಮಾಡಿದ್ರಾ?” ಎಂದೆ.

ಎಲ್ಲರೂ ನಕ್ಕರು. ಬೋರಮ್ಮನೂ ನಕ್ಕು ಕಾಗದ ಮಡಿಸಿಟ್ಟರು. ಈ ನಗುವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಟ್ಟಿಲ್ಲ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಲು ನನಗೆ ಅರ್ಧ ನಿಮಿಷ ಸಾಕಿತ್ತು.

ಸಮೀಕ್ಷೆ ಎರಡು ವಾರ ನಡೆಯಿತು. ನಾನೂ ತಪಾಸಣೆಗೆಂದು ಬಂಡೆಹಟ್ಟಿಗೆ ಹೋಗಿ ಕೆಲವು ಮನೆಗಳ ನಮೂನೆಯನ್ನು ಖುದ್ದು ತುಂಬಿದೆ. ಅರವತ್ತೆರಡನೆಯ ಸಂಖ್ಯೆಯ ಮನೆ ತಿಪ್ಪಣ್ಣನವರದು. ವಯಸ್ಸು ಐವತ್ತೆಂಟು, ಹದಿನಾಲ್ಕನೆಯ ವಯಸ್ಸಿನಿಂದ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವರು. ನಾನು ಹೋದಾಗ ನೇಯುತ್ತಿದ್ದರು. ನಾಲ್ಕು ಸಲ ಲಾಳಿ ಓಡಿಸುವುದು, ಹಲಗೆಗೆ ಕೈಯೂರಿ ನಿಲ್ಲುವುದು, ಮತ್ತೆ ನಾಲ್ಕು ಸಲ. ಅವರ ಹೆಂಡತಿ ಲಕ್ಷ್ಮಕ್ಕ ನನಗೆ ಚಾಪೆ ಹಾಸಿ ಚಹಾ ಕೊಟ್ಟರು. ಬ್ಯಾಗ್ ಫಿಲ್ಟರ್ ಎಂದರೆ ಏನು ಎಂದು ತಿಪ್ಪಣ್ಣ ಕೇಳಿದರು. ಬಟ್ಟೆಯಲ್ಲಿ ಹೊಗೆ ಸೋಸುವುದು ಎಂದೆ. ಅವರಿಗೆ ಅದು ತುಂಬಾ ಹಿಡಿಸಿತು. ಬಟ್ಟೆಯೇ ಆದರೆ ನಮ್ಮೂರವರೇ ನೇಯ್ದು ಕೊಡುತ್ತೇವೆ, ಅದಕ್ಕೇನು ಕೋಟಿ ಬೇಕು ಎಂದು ನಕ್ಕರು. ನಗುವಿನ ಕೊನೆಗೆ ಕೆಮ್ಮು ಬಂತು.

ಒಂದೊಂದೇ ಕೇಳುತ್ತಾ ಹನ್ನೊಂದಕ್ಕೆ ಬಂದೆ. ನಿಮಗೆ ದಮ್ಮು ಐತಾ?

ತಿಪ್ಪಣ್ಣ ಹೆಂಡತಿಯ ಮುಖ ನೋಡಿ ಸಂಕೋಚದಿಂದ ನಕ್ಕರು. “ದಮ್ಮು ಎಲ್ಲೈತೆ ಸಾರ್. ಮೊದ್ಲಿತ್ತು. ಈಗ ಹೋತು.”

ಮೊದಲು ಇತ್ತು, ಈಗ ವಾಸಿಯಾಗಿದೆ. ನಾನು ‘ಇಲ್ಲ’ ಎಂದು ಬರೆದು, ನಿಯಮದಂತೆ ಐದು ಪ್ರಶ್ನೆ ಬಿಟ್ಟು ಹದಿನೇಳಕ್ಕೆ ಹೋದೆ. ಎದುರಿಗೆ ಕೂತ ಮನುಷ್ಯ ಏದುಸಿರು ಬಿಡುತ್ತಿದ್ದುದು ನನಗೆ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತ್ತು. ನೇಯ್ಗೆಯ ದಣಿವು ಎಂದುಕೊಂಡೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾನು ಕಿರಿಯರಿಗೆ ಹೇಳುತ್ತಾ ಬಂದವನು. ಆವತ್ತು ಪ್ರಮಾಣವೊಂದನ್ನೇ ಹಿಡಿದುಕೊಂಡು ಪ್ರತ್ಯಕ್ಷವನ್ನು ಬಿಟ್ಟೆ. ಹೊರಡುವಾಗ, ಮಗಳ ಮದುವೆಗೆ ಸೀರೆ ಇಲ್ಲಿಂದಲೇ ಒಯ್ಯುತ್ತೇನೆ ಎಂದು ಅವರಿಗೆ ಮಾತು ಕೊಟ್ಟು ಬಂದೆ.

ನಮೂನೆಗಳು ಕಚೇರಿಗೆ ಬಂದು ಕೋಷ್ಟಕವಾದಾಗ ಎರಡು ವಿಚಿತ್ರಗಳು ಕಂಡವು. ಹೊಗೆಯ ಪಕ್ಕದ ಬಂಡೆಹಟ್ಟಿಗಿಂತ ಹೊಗೆ ತಾಗದ ಊರಿನಲ್ಲೇ ದಮ್ಮು ಹೆಚ್ಚಿತ್ತು. ಇನ್ನು ಬಂಡೆಹಟ್ಟಿಯಲ್ಲಿ ದಮ್ಮು ಇದೆ ಎಂದವರೆಲ್ಲ ಇಪ್ಪತ್ತು ಇಪ್ಪತ್ತೈದರ ಗಂಡುಗಳು, ಮುದುಕರಲ್ಲಿ ಹೆಚ್ಚುಕಡಿಮೆ ಯಾರಿಗೂ ಇಲ್ಲ. ಆ ಹುಡುಗರ ಮುಂದಿನ ಐದು ಉತ್ತರಗಳೂ ಬಹುಪಾಲು ಸೊನ್ನೆ. ಕುರಿ ಎಣಿಸುವಾಗ ಇಂಥದ್ದು ಬಂದಿದ್ದರೆ ನಾನು ನಮೂನೆಗಳನ್ನು ಮುಖಕ್ಕೆ ಎಸೆದು ಮತ್ತೆ ಎಣಿಸಿ ಎನ್ನುತ್ತಿದ್ದೆ. ಇಲ್ಲಿ ಪ್ರಶ್ನೆ ನನ್ನದು, ಪದ ನನ್ನದು. ಹಾಗಾಗಿ ಬುದ್ಧಿಯೆಲ್ಲ ಖರ್ಚು ಮಾಡಿ ಸಮರ್ಥನೆ ಹುಡುಕಿದೆ. ಯುವಕರಲ್ಲಿ ಬೀಡಿ ಸಿಗರೇಟಿನ ಚಟ ಹೆಚ್ಚು, ಕಾಯಿಲೆಗೆ ಅದೇ ಕಾರಣವಿರಬಹುದು, ಸ್ಥಾವರದ ಪಾತ್ರ ಕಡಿಮೆ ಎಂದು ವರದಿಯಲ್ಲಿ ಒಂದು ಇಡೀ ಪ್ಯಾರಾ ಬರೆದೆ. ಚೆನ್ನಾಗಿ ಬರೆದಿದ್ದೆ ಕೂಡ.

ಲೆಕ್ಕದ ಕೊನೆಯ ಸಾಲು ಹೀಗಿತ್ತು: ಫಿಲ್ಟರಿಗೆ ಹಾಕುವ ಒಂದು ರೂಪಾಯಿಗೆ ಆರೋಗ್ಯದ ಲಾಭ ಒಂದು ಪೈಸೆಯೂ ಇಲ್ಲ. ರೂಪಾಯಿಗೆ ರೂಪಾಯಿಯಾದರೂ ಬರಬೇಕು, ಬರಲಿಲ್ಲ. ಸಮಿತಿ ಅರ್ಧ ಗಂಟೆಯಲ್ಲಿ ಎದ್ದಿತು. ಫಿಲ್ಟರ್ ವಿಷಯವನ್ನು ಮೂರು ವರ್ಷದ ನಂತರ ಮತ್ತೆ ಪರಿಶೀಲಿಸುವುದು ಎಂದು ಬರೆದುಕೊಂಡರು. ಸ್ಥಾವರದ ಮ್ಯಾನೇಜರು ಬಂದು ನನ್ನ ಕೈ ಕುಲುಕಿದ. ನಾನೂ ಕುಲುಕಿದೆ.

ಏಳೆಂಟು ತಿಂಗಳ ಮೇಲೆ ಮಗಳ ಮದುವೆ ಗೊತ್ತಾಯಿತು. ಕೊಟ್ಟ ಮಾತಿನಂತೆ ಸೀರೆಗೆಂದು ಬಂಡೆಹಟ್ಟಿಗೆ ಹೋದೆ. ಬಸ್ ಇಳಿದು ನಡೆಯುವಾಗಲೇ ಏನೋ ಬದಲಾಗಿದೆ ಅನ್ನಿಸಿತು. ಹಿಂದಿನ ಸಲ ಮಾತಾಡಿಸಿದ್ದವರು ಮುಖ ತಿರುಗಿಸಿದರು. ಕಟ್ಟೆಯ ಮೇಲೆ ಕೂತಿದ್ದವನೊಬ್ಬ, ‘ಬಂದ್ರು ನೋಡು, ತಿಪ್ಪಣ್ಣನ ನೆಂಟ್ರು’ ಎಂದದ್ದು ಕೇಳಿಸಿತು.

ತಿಪ್ಪಣ್ಣನ ಮನೆಯಲ್ಲಿ ಮಗ್ಗದ ಮುಂದೆ ಲಕ್ಷ್ಮಕ್ಕ ಕೂತಿದ್ದರು. ತಿಪ್ಪಣ್ಣ ಗೋಡೆಗೆ ಎರಡು ದಿಂಬು ಇಟ್ಟುಕೊಂಡು ಒರಗಿದ್ದರು. ಥೇಟ್ ನಮ್ಮಪ್ಪ ಕೂರುತ್ತಿದ್ದ ಹಾಗೆ. ಅದೇ ಎತ್ತಿದ ಹೆಗಲು, ಅದೇ ಸಿಳ್ಳೆಯಂಥ ಉಸಿರು. ಏನಾಗಿದೆ ಎಂದು ಲಕ್ಷ್ಮಕ್ಕನನ್ನು ಕೇಳಿದೆ.

“ಉಬ್ಬಸ ರೀ. ಈಗಿಂದಲ್ಲ, ನಾಕು ವರ್ಷಾತು.”

ಉಬ್ಬಸ. ನಿಘಂಟಿನ ಪದ ಎಂದು ನಾನು ಕೆಂಪು ಪೆನ್ನಿನಲ್ಲಿ ಹೊಡೆದದ್ದು. ಆ ಊರಿನಲ್ಲಿ ಅದು ನಿಘಂಟಿನದಾಗಿರಲಿಲ್ಲ. ತೆಲುಗಿನಲ್ಲೂ ಈ ಕಾಯಿಲೆಗೆ ಅದೇ ಪದ. ಆಂಧ್ರದ ಗಡಿಯ ಆ ಊರಿನಲ್ಲಿ ಅಜ್ಜಿಯಿಂದ ಮಗುವಿನವರೆಗೆ ಎಲ್ಲರ ಬಾಯಲ್ಲೂ ಇದ್ದದ್ದು. ನಾಲ್ಕು ವರ್ಷದಿಂದ ಇದ್ದರೆ ನಾನು ಕೇಳಿದಾಗ ಇಲ್ಲ ಎಂದಿರಲ್ಲ ಎಂದು ತಿಪ್ಪಣ್ಣನನ್ನು ಕೇಳಿಯೇ ಕೇಳಿದೆ. ಅವರು ಒಂದು ಉಸಿರು ಎಳೆದುಕೊಂಡು, ನಿಲ್ಲಿಸಿ, ಹೇಳಿದರು:

“ಅದ್ನೇ ಅಲ್ವಾ ಸಾರ್ ನಾನು ಹೇಳಿದ್ದು. ದಮ್ಮು ಇದ್ದಿದ್ರೆ ಅವಳನ್ನ ಯಾಕೆ ಮಗ್ಗಕ್ಕೆ ಕೂರುಸ್ತಿದ್ದೆ?”

ದಮ್ಮು ಎಂದರೆ ಆ ಊರಿಗೆ ಕಸುವು, ತಾಕತ್ತು. ದಮ್ಮಿದ್ದರೆ ಬಾ ಎನ್ನುತ್ತೇವಲ್ಲ, ಆ ದಮ್ಮು. ನಾನು ಮನೆಮನೆಗೂ ಹೋಗಿ ನಿಮ್ಮಲ್ಲಿ ಕಸುವಿದೆಯೇ ಎಂದು ಕೇಳಿಸಿದ್ದೆ. ಹುಡುಗರು ತೊಡೆ ತಟ್ಟಿ ಐತೆ ಎಂದಿದ್ದರು. ಎದೆ ಕಟ್ಟಿದವರು, ನಾಚಿಕೊಂಡು, ಇಲ್ಲ ಎಂದಿದ್ದರು. ಆರೋಗ್ಯವಂತರನ್ನು ರೋಗಿಗಳೆಂದೂ ರೋಗಿಗಳನ್ನು ಆರೋಗ್ಯವಂತರೆಂದೂ ಬರೆದು, ಮೊಹರು ಒತ್ತಿ, ಸಮಿತಿಗೆ ಕೊಟ್ಟಿದ್ದೆ. ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು ತುಪ್ಪಕ್ಕೆ ಅಲೆದವನ ಕಥೆಯಾದರೂ ವಾಸಿ. ನಾನು ಬೆಣ್ಣೆಯನ್ನು ಚರಂಡಿಗೆ ಎಸೆದು ಹೊರಟಿದ್ದೆ.

ಊರವರ ಮುಖ ಯಾಕೆ ತಿರುಗಿತ್ತು ಎಂಬುದನ್ನೂ ಲಕ್ಷ್ಮಕ್ಕ ಹೇಳಿದರು. ಫಿಲ್ಟರ್ ಯಾಕೆ ಹಾಕಲಿಲ್ಲ ಎಂದು ಊರವರು ಸ್ಥಾವರಕ್ಕೆ ಹೋಗಿ ಕೇಳಿದಾಗ, ಕಾಯಿಲೆ ಇಲ್ಲವೆಂದು ನಿಮ್ಮವರೇ ಬರೆಸಿದ್ದಾರೆ ಎಂದು ಉತ್ತರ ಬಂದಿತ್ತಂತೆ. ಹಾಗಾದರೆ ಇಲ್ಲ ಎಂದವರು ಯಾರು? ಸಾಹೇಬರೇ ಬಂದು ಚಾಪೆಯ ಮೇಲೆ ಕೂತು ಚಹಾ ಕುಡಿದದ್ದು ಯಾರ ಮನೆಯಲ್ಲಿ? ತಿಪ್ಪಣ್ಣ ಕಂಪನಿಯವರಿಂದ ಏನೋ ತಗೊಂಡು ಸುಳ್ಳು ಬರೆಸಿದ ಎಂಬ ಮಾತು ಊರಿನಲ್ಲಿ ನಿಂತುಬಿಟ್ಟಿತ್ತು. ಉಸಿರಿಲ್ಲದ ಮನುಷ್ಯ, ತನಗೆ ಉಸಿರಾಟದ ತೊಂದರೆ ಇಲ್ಲವೆಂದು ಸುಳ್ಳು ಹೇಳಿದನೆಂಬ ಅಪವಾದವನ್ನು ಹೊತ್ತು ಕೂತಿದ್ದರು. ಅಂದು ನನಗೆ ತುಂಬಾ ನಾಚಿಕೆಯಾಯಿತು. ಸೀರೆಯ ಮಾತು ಎತ್ತದೆ ವಾಪಸು ಬಂದೆ.

ಮರುದಿನ ಬೆಳಿಗ್ಗೆ ಬೋರಮ್ಮನ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ಬಯ್ಯಲಿಲ್ಲ. “ನಾನು ಇನ್ನೊಂದ್ ಸಲ ಹೇಳ್ಬೇಕಿತ್ತು ಸಾರ್,” ಎಂದರು. ನಿಯಮ ಮುರಿಯಬಾರದೆಂದು ತಾವೂ ಅಚ್ಚಿನಲ್ಲಿದ್ದಂತೆ ಕೇಳಿ, ಬಂದದ್ದನ್ನು ಬರೆದೆ ಎಂದು ಕಣ್ಣು ಒರೆಸಿಕೊಂಡರು. ಆಮೇಲೆ ಒಬ್ಬರೇ, ಯಾವ ಭತ್ಯೆಯೂ ಇಲ್ಲದೆ, ಬಂಡೆಹಟ್ಟಿಯ ನಲವತ್ತು ಮನೆಗೆ ಹೋಗಿ ಉಬ್ಬಸ ಎಂದು ಕೇಳಿ ಬಂದರು. ಕೋಷ್ಟಕ ತಲೆಕೆಳಗಾಯಿತು. ಖಾಲಿ ಬಿಟ್ಟಿದ್ದ ಆ ಐದು ಪ್ರಶ್ನೆಗಳು ತುಂಬತೊಡಗಿದವು. ಆದರೂ ಒಂದು ಕಡೆ ಲೆಕ್ಕ ನಿಂತಿತು. ತಿಪ್ಪಣ್ಣನವರ ಮನೆಯಲ್ಲಿ ತಪ್ಪಿದ ಕೆಲಸದ ದಿನ ಎಷ್ಟು ಎಂದರೆ ಒಂದೂ ಇಲ್ಲ, ಯಾಕೆಂದರೆ ಅವರು ಕೂರದ ದಿನ ಲಕ್ಷ್ಮಕ್ಕ ಕೂತಿದ್ದರು. ಅಡುಗೆ, ನೀರು, ಗಂಡನ ಆರೈಕೆ ಎಲ್ಲ ಮುಗಿಸಿ ಮಗ್ಗಕ್ಕೆ ಇಳಿದ ಆ ಹೆಂಗಸಿನ ದಣಿವಿಗೆ ನಮ್ಮ ತಕ್ಕಡಿಯಲ್ಲಿ ತಟ್ಟೆಯೇ ಇರಲಿಲ್ಲ.

ತಪ್ಪು ನನ್ನದು ಎಂದು ಸಮಿತಿಗೆ ಬರೆದೆ. ತಪ್ಪನ್ನು ಒಪ್ಪಿಕೊಂಡವನನ್ನು ಕಚೇರಿ ಹೇಗೆ ನೋಡುತ್ತದೆ ಎಂದು ಆಗ ತಿಳಿಯಿತು. ಕಡತ ಮುಗಿದಿದೆ, ಮೂರು ವರ್ಷದ ಪರಿಶೀಲನೆಯಲ್ಲಿ ಗಮನಿಸಲಾಗುವುದು ಎಂದು ಎರಡು ಸಾಲಿನ ಉತ್ತರ ಬಂತು. ಅಷ್ಟರಲ್ಲಿ ಕೊರೊನಾ. ಆಗ ಉಸಿರಿನ ತೊಂದರೆ ಯಾವುದರಿಂದ ಎಂದು ಬೇರ್ಪಡಿಸಿ ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ನಾನು ಹಾರ ಶಾಲು ಇಲ್ಲದೆ ನಿವೃತ್ತನಾದೆ. ಮುಂದೆ ಪರಿಶೀಲನೆ ನಡೆದಾಗ ಬೋರಮ್ಮ ಸಂಗ್ರಹಿಸಿದ ನಲವತ್ತು ಮನೆಯ ಕಾಗದವೇ ಆಧಾರವಾಗಿ ಹೊಸ ಸಮೀಕ್ಷೆಯಾಯಿತು, ಫಿಲ್ಟರೂ ಬಂತು. ಚೀಲಗಳು ಬಂಡೆಹಟ್ಟಿಯಲ್ಲಿ ನೇಯ್ದವಲ್ಲ, ಎಲ್ಲಿಂದಲೋ ಲಾರಿಯಲ್ಲಿ ಬಂದವು. ಅದನ್ನು ನೋಡಲು ತಿಪ್ಪಣ್ಣ ಇರಲಿಲ್ಲ.

ಅವರು ಹೊಗೆಯಿಂದಲೇ ಹೋದರು ಎಂದು ನಾನು ಹೇಳಲಾರೆ. ವೈದ್ಯರೂ ಹೇಳಲಿಲ್ಲ. ವಯಸ್ಸಿತ್ತು, ಹಿಂದೆ ಬೀಡಿಯೂ ಇತ್ತು. ಆದರೆ ಫಿಲ್ಟರ್ ಮೂರು ವರ್ಷ ಮೊದಲೇ ಬಂದಿದ್ದರೆ ಅವರ ಕೊನೆಯ ದಿನಗಳು ಹೇಗಿರುತ್ತಿದ್ದವು ಎಂಬ ಪ್ರಶ್ನೆಗೆ ನನ್ನ ಬಳಿ ಕೋಷ್ಟಕವಿಲ್ಲ. ಮೂರು ದಶಕದ ನೌಕರಿ ನನಗೆ ಕಲಿಸಿದ ಒಂದೇ ಪಾಠವನ್ನು ಹೇಳು ಎಂದರೆ ಇದನ್ನು ಹೇಳುತ್ತೇನೆ: ಲೆಕ್ಕ ಕೆಡುವುದು ಕೂಡಿಸುವಾಗಲ್ಲ, ಕೇಳುವಾಗ. ನನ್ನ ಮನೆಯ ಮಾತನ್ನೇ ಎಲ್ಲರ ಮನೆಯ ಮಾತು ಎಂದುಕೊಂಡೆ. ಬೆಂಗಳೂರಿನವರನ್ನು ನೋಡಿ ನಗುವಾಗ, ಮೊಳಕಾಲ್ಮೂರಿಗೆ ನಾನೂ ಹೊರಗಿನವನೇ ಎಂಬುದು ಹೊಳೆಯಲಿಲ್ಲ.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ತುಂಬಿದ ನಮೂನೆಯನ್ನು ತಿದ್ದಬೇಕಾದರೆ ಅಳಿಸಬಾರದು. ಹಳೆಯ ಉತ್ತರ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಿದ್ದಿದವನು ಸಹಿ ಹಾಕಬೇಕು. ಅರವತ್ತೆರಡನೆಯ ಮನೆಯ ನಮೂನೆಯ ಜೆರಾಕ್ಸ್ ನನ್ನ ಬಳಿ ಉಳಿದಿತ್ತು. ತಿಪ್ಪಣ್ಣ ತೀರಿಕೊಂಡ ಸುದ್ದಿ ಬಂದ ಮೇಲೆ ಅದನ್ನು ಹೊರತೆಗೆದೆ. ಹನ್ನೊಂದನೆಯ ಪ್ರಶ್ನೆಯ ದಮ್ಮಿಗೆ ಗೆರೆ ಎಳೆದು ಉಬ್ಬಸ ಎಂದು ಬರೆದೆ. ‘ಇಲ್ಲ’ಕ್ಕೆ ಗೆರೆ ಎಳೆದು ‘ಐತೆ’ ಎಂದು ಬರೆದೆ. ಕೆಳಗೆ, ತಪ್ಪು ಕೇಳಿದ್ದು ನಾನು ಎಂದು ಬರೆದು ಸಹಿ ಹಾಕಿದೆ. ಯಾವ ಕಚೇರಿಯಲ್ಲೂ ನಡೆಯದ ಆ ಕಾಗದವನ್ನು ಹಿಡಿದು ಬಂಡೆಹಟ್ಟಿಗೆ ಹೋದೆ. ಕಟ್ಟೆಯ ಮೇಲೆ ಕೂತವರನ್ನು ನಿಲ್ಲಿಸಿ, ಆದದ್ದನ್ನು ಮೊದಲಿಂದ ಹೇಳಿದೆ. ದಮ್ಮಿನ ಮಾತಿಗೆ ಮೊದಲು ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಅಂದು ತಿಪ್ಪಣ್ಣನ ನೆಂಟರು ಎಂದಿದ್ದವನೇ ಎದ್ದು ನನ್ನ ಜೊತೆ ಅವರ ಮನೆಯವರೆಗೆ ಬಂದ.

ಲಕ್ಷ್ಮಕ್ಕ ಮಗ್ಗದಿಂದ ಎದ್ದು ಬಂದು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರಿಗೆ ಓದು ಬಾರದು. ಏನು ಬರೆದೈತೆ ಎಂದು ಕೇಳಿದರು.

“ನಿಮ್ಮ ಯಜಮಾನ್ರು ಸುಳ್ಳು ಹೇಳ್ಲಿಲ್ಲ ಅಂತ ಬರ್ದೈತೆ ಕಣಮ್ಮ,” ಎಂದೆ.

ಅವರು ಕಾಗದವನ್ನು ಮಡಿಸಿ ನನ್ನ ಕೈಗೇ ವಾಪಸು ಕೊಟ್ಟರು.

“ಅದು ನಮಗೆ ಗೊತ್ತಿತ್ತು ಸಾರ್. ಇದು ನಿಮ್ಮ ಹತ್ರಾನೇ ಇರ್ಲಿ.”